ಬಿಲ್ಲು ಬರೆಯುವವಳು

ಗಂಗಾವತಿಯ ಲೇತ್ ಅಂಗಡಿಯಲ್ಲಿ ನಾನು
ಬಿಲ್ಲು ಬರೆಯುವವಳು.
ಎಂಟು ವರ್ಷ. ಬೆರಳಿಗೆ ಶಾಯಿಗಿಂತ ಗ್ರೀಸೇ ಜಾಸ್ತಿ.

ಸುಗ್ಗಿ. ಸೋನಾ ಮಸೂರಿಯ ಲಾರಿಗಳು
ರಸ್ತೆ ಹಿಡಿದು ನಿಂತ ವಾರ.
ಕ್ಯಾಂಪಿನ ವೀರರಾಜು ಟವೆಲಿನಲ್ಲಿ ಸುತ್ತಿ
ಕೂಸಿನ ಹಾಗೆ ಎತ್ತಿ ತಂದದ್ದು
ಬೀಡಿನ ಪುಲ್ಲಿಯ ಒಂದೇ ಒಂದು ತುಂಡು.

"ಉಳಿದದ್ದು?"
"ಗುಜರಿಯವ ಒಯ್ದ, ಹುಡುಗ್ರು ತಿಳೀದೆ ಕೊಟ್ಟಾರ.
ಇಂಥದ್ದೇ ಬೇಕು. ನಾಳಿಗೆ."

ಇಂಥದ್ದು ಅಂದರೆ ಎಂಥದ್ದು?
ರೊಟ್ಟಿಯ ಚೂರು ತೋರಿಸಿ
ಹಂಚು ಎಷ್ಟಗಲ ಹೇಳು ಅಂದ ಹಾಗಾಯಿತು.

ಮೌಲಾಲಿ ಕಾಕಾ ಮಾತಾಡಲಿಲ್ಲ.
ನೆಲ ಒರೆಸೆಂದು ಹುಲಗಪ್ಪನಿಗೆ ಕಣ್ಣಲ್ಲೇ ಹೇಳಿ
ತುಂಡನ್ನು ಸಿಮೆಂಟಿನ ಮೇಲೆ ಮಲಗಿಸಿ
ಅಂಚಿಗುಂಟ ಸೀಮೆಸುಣ್ಣ ಎಳೆದ:
ಕಣ್ಣಿಲ್ಲದ ಒಂದು ಹುಬ್ಬು.
ಮೂರು ಚುಕ್ಕೆ ಇಟ್ಟ.
ಸೈಕಲ್ ಕಡ್ಡಿ ಬಗ್ಗಿಸಿ ಮಾಡಿದ ಕೈವಾರ
ಚುಕ್ಕೆಗೊಮ್ಮೆ ಕಾಲು ಊರಿ ಬೀಸಿತು.
ನೆಲದ ಮೇಲೆ ಎರಡು ಮೀನು ಹುಟ್ಟಿದವು.
ಬಾಯಿಂದ ಬಾಲಕ್ಕೆ ಒಂದೊಂದು ಗೆರೆ,
ಗೆರೆಗಳು ತುಂಡನ್ನು ಬಿಟ್ಟು ಹೊರಟವು
ಏನೂ ಇಲ್ಲದ ಕಡೆಗೆ.

"ಕಾಲು ತಗೀಲೇ ಹುಲಗ್ಯಾ,
ಗಾಲೀ ಹೊಕ್ಕಳದ ಮ್ಯಾಲೆ ನಿಂತೀದಿ."

ಚಪ್ಪಲಿ ಎತ್ತಿದ. ಅಲ್ಲಿತ್ತು.

ಕಾಕಾ ಒಂದೇ ಸಾಕ್ಷಿಯನ್ನು ನಂಬುವವನಲ್ಲ.
ತುದಿಯಿಂದ ತುದಿಗೆ ದಾರ ಬಿಗಿದ: ಹೆದೆ, ಹನ್ನೆರಡು ಇಂಚು.
ಹೆದೆಯ ನಡುವಿನಿಂದ ಬೆನ್ನಿಗೆ: ಬಾಣ, ಎರಡು.
"ಬರಕೋ ನೀಲಮ್ಮ. ಆರಾರ್ಲೆ ಮೂವತ್ತಾರು.
ಎರಡಕ್ಕ ಹಂಚು, ಹದಿನೆಂಟು.
ಹಂಚಿದ ಆ ಎರಡನ್ನೂ ವಾಪಸ್ ಕೂಡಸು."

ಇಪ್ಪತ್ತು.

"ಆತಲ್ಲ ಮತ್ತ" ಎಂದು ವೀರರಾಜು ಎದ್ದೇಬಿಟ್ಟ.
ಕಾಕಾ ಮಾತ್ರ ಸೀಮೆಸುಣ್ಣದ ಗೆರೆಯ ದಪ್ಪವನ್ನೇ
ಹುಳ ಬಿದ್ದ ಅಕ್ಕಿಯ ಹಾಗೆ ನೋಡುತ್ತಿದ್ದ.
"ಬಾಣದಾಗ ಒಂದು ಪಿನ್ನಿನಷ್ಟು ತಪ್ಪಿದ್ರ
ಗಾಲ್ಯಾಗ ಎಂಟು ಪಿನ್ನಿನಷ್ಟು ತಪ್ಪತೈತಿ."
ಅಂದವನೇ ನನ್ನ ಸೆರಗಿನ ಪಿನ್ನು ಕೇಳಿದ.

ತಗಡಿಗೆ ನೀಲಿ ಬಳಿದು, ಪಿನ್ನಿನಿಂದ ಗೀರಿ,
ಎಲ್ಲಾ ಮೊದಲಿನಿಂದ.
ಹೊರಗೆ ಲಾರಿ ಹಾರನ್ನು, ಒಳಗೆ ನಾಲ್ಕು ಜನರ ಉಸಿರು.
ಎರಡು ಇಂಚು, ಮೇಲೆ ಒಂದು ಪಿನ್ನಿನ ಮೈಯಷ್ಟು.
ಗಾಲಿ ಇಪ್ಪತ್ತಕ್ಕೆ ಒಂದು ನೂಲು ಕಡಿಮೆ.

ಆಮೇಲೆ ಹೆಬ್ಬೆರಳ ಉಗುರು.
ಅಂಚಿನ ದಡಿಯಿಂದ ಒಳಕ್ಕೆ ಎಳೆದ,
ಉಗುರು ಇಳಿಯಿತು, ಅರ್ಧ ನೂಲು:
ಬೆಲ್ಟು ಮೂವತ್ತು ಸುಗ್ಗಿ ನೆಕ್ಕಿ ನೆಕ್ಕಿ ತಿಂದದ್ದು.
"ನಾವು ಅಳದದ್ದು ಉಳದದ್ದನ್ನ.
ಇದ್ದದ್ದು ಬ್ಯಾರೆ.
ಈ ಕಡೆ ಅರ್ಧ, ಆ ಕಡೆ ಅರ್ಧ, ಕೂಡಸು."

ಇಪ್ಪತ್ತು.

ಹುಲಗಪ್ಪನಿಗೆ ನಗೆ ತಡೆಯಲಿಲ್ಲ.
"ಸುಣ್ಣದಾಗೂ ಇಪ್ಪತ್ತs ಬಂದಿತ್ತಲ್ಲ ಕಾಕಾ!"
"ಹೌದಪಾ. ಅದು ಬಂದದ್ದು.
ಇದು ತಂದದ್ದು."

ಮೂಲೆಯ ದೊಡ್ಡ ಎರಕವೊಂದನ್ನು ಲೇತಿಗೆ ಕಟ್ಟಿ
ರಾತ್ರಿಯಿಡೀ ಕಡೆದ. ಕಡೆದದ್ದೆಲ್ಲ ಕರಿ ಪುಡಿಯಾಗಿ
ರೆಪ್ಪೆಯ ಮೇಲೆ, ಮೀಸೆಯ ಮೇಲೆ.
ಬೆಳಿಗ್ಗೆ ಪುಲ್ಲಿ ಟವೆಲಿನಲ್ಲಿ ಹಿಡಿಯಲಿಲ್ಲ,
ಟೆಂಪೋ ಬೇಕಾಯಿತು.

"ಬಿಲ್ಲು ಬರಿಯವ್ವ" ಎಂದ ವೀರರಾಜು.
ಎರಕಕ್ಕೆ ಇಷ್ಟು, ಲೇತಿಗೆ ಆರು ತಾಸು, ಕೀಲಿಗುಳಿಗೆ ಇಷ್ಟು.
ಕೆಳಗೆ ಒಂದು ಸಾಲು ಖಾಲಿ ಬಿಟ್ಟು
ನೆಲದ ಮೇಲಿದ್ದ ಇನ್ನೊಂದು ಬಿಲ್ಲನ್ನು ನೋಡಿದೆ,
ಹೆದೆ ಬಿಚ್ಚಿತ್ತು, ಮೀನುಗಳು ಅರ್ಧ ಅಳಿಸಿದ್ದವು.
"ಇದಕ್ಕೆಷ್ಟು ಹಾಕಲಿ ಕಾಕಾ?"

ಚಹಾ ಊದುತ್ತಿದ್ದವನು ತಲೆ ಎತ್ತಲಿಲ್ಲ.
"ಪಿನ್ನು ನಿಂದು. ನೀನs ಹಾಕು."

ಏನೂ ಹಾಕಲಿಲ್ಲ. ಸಾಲನ್ನು ಅಡ್ಡಗೆರೆ ಎಳೆದು ಮುಚ್ಚಿದೆ.
ಸಂಜೆ ಮನೆಯಲ್ಲಿ ನೋಡಿದರೆ ಹೆಗಲ ಮೇಲೆ,
ಪಿನ್ನು ಚುಚ್ಚಿದ ಕಡೆ, ಸಾಸಿವೆಯಷ್ಟು ನೀಲಿ.
ಎರಡು ಸಲ ಒಗೆದೆ. ಹೋಗಲಿಲ್ಲ.